ಟ್ಯಾಂಕರ್ ತರುತ್ತಿದ್ದವರು

ಬೇಸಿಗೆಯಲ್ಲಿ ತಿಕೋಟಾದಿಂದ ನಮ್ಮೂರು ಘೋಣಸಗಿಗೆ ಟ್ಯಾಂಕರ್ ನೀರು ತರುತ್ತಿದ್ದವರೊಬ್ಬರು, ಕೊಡಗಳ ಜಗಳ ಕಂಡರೆ ಪೈಪನ್ನು ಹೆಗಲಿಗೇರಿಸಿ, "ತಡೀರಿ, ಎಲ್ಲಾರಿಗೂ ಐತಿ" ಎನ್ನುತ್ತಿದ್ದರು. ಟ್ರಿಪ್ ಹೊಡೆದರಷ್ಟೇ ಅವರ ಮನೆ ನಡೆಯುತ್ತಿತ್ತು.

ನದಿ ನೀರಿನಿಂದ ಕೆರೆ ತುಂಬಿಸುವ ವರ್ಷ ನಮ್ಮೂರಿನ ಕಾಲುವೆ ಹೂಳಿನಿಂದ ಕಟ್ಟಿಕೊಂಡಿತ್ತು. ಅದನ್ನು ತೆಗೆಯಲು ಅವರೇ ತಮ್ಮ ಟ್ರ್ಯಾಕ್ಟರ್ ತಂದರು.

"ಕೆರಿ ತುಂಬಿದ್ರ ನಿನ್ನ ಯಾರು ಕರೀತಾರಲೇ?" ಎಂದು ನಮ್ಮ ಕಾಕಾ ಕಿಚಾಯಿಸಿದರು.

"ಕರೀಬ್ಯಾಡ್ರಿ ಕಾಕಾ. ದ್ರಾಕ್ಷಿ ಹೇರತೇನಿ. ಅದಕ್ಕ ಯಾರೂ ಕೊಡ ಹಿಡಕೊಂಡು ಜಗಳಾ ಆಡಾಂಗಿಲ್ಲ."

ಕೆರೆ ತುಂಬಿತು, ಕೆಳಗಿನ ಬಾವಿಗಳಿಗೂ ನೀರು ಬಂತು. ಮರುಬೇಸಿಗೆಯಲ್ಲಿ ಅವರು ಟ್ಯಾಂಕರ್ ಇಲ್ಲದೆ ನಮ್ಮ ಮನೆಗೆ ಬಂದರು. ಅವ್ವ ಬಾವಿಯಿಂದ ನೀರು ಸೇದಿ, ಬೀಗರಿಗೆ ಕೊಡುವಂತೆ, ಕಾಲು ತೊಳೆಯಲು ತಂಬಿಗೆ ಕೊಟ್ಟಳು. ಅಷ್ಟು ವರ್ಷ ನೀರು ತಂದವರಿಗೆ ನಾವು ಕೊಟ್ಟ ಮೊದಲ ನೀರು ಅದು.