ಚಿಕ್ಕಪ್ಪನ ಜೀರ್ಜಿಂಬೆ, ಹಿರಿಯೂರಿನ ಕಮಲಿ

ಮೊನ್ನೆ ಹೊಳಲ್ಕೆರೆ ರಸ್ತೆಯಲ್ಲಿ ನಮ್ಮ ಬಸ್ಸು ಕೆಟ್ಟು ನಿಂತಿತು. ಪಕ್ಕದ ಬಯಲಿನಲ್ಲಿ ಕುರಿ ಕಾಯುವವನೊಬ್ಬ ಜಾಲಿ ಕೊಂಬೆ ಸವರಿ ಮರಿಗಳ ಮುಂದೆ ಹಾಕಿ, ಕಡ್ಡಿ ಗೀರಿ ಬೀಡಿ ಹಚ್ಚಿದ. ಹಸಿ ಜಾಲಿ ಸೊಪ್ಪಿನ ವಾಸನೆ, ಬೆಂಕಿಕಡ್ಡಿಯ ಮದ್ದಿನ ವಾಸನೆ, ಎರಡೂ ಒಟ್ಟಿಗೆ ಕಿಟಕಿಯೊಳಗೆ ನುಗ್ಗಿದವು. ನಮ್ಮ ಕಡೆ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಮುಂಗಾರಿನ ಮಳೆ ಬಿದ್ದು ಜಾಲಿ ಚಿಗುರಿತೆಂದರೆ ನಮ್ಮೂರಿನ ಮಕ್ಕಳ ಕೈಯಲ್ಲೆಲ್ಲ ಒಂದೊಂದು ಖಾಲಿ ಬೆಂಕಿಪೊಟ್ಟಣ, ಅದರೊಳಗೆ ಒಂದೊಂದು ಜೀರ್ಜಿಂಬೆ. ಬೆರಳಿನ ಗೆಣ್ಣಿನಷ್ಟು ದಪ್ಪದ ಹುಳ, ಬೆನ್ನು ಹಸಿರು, ಬಿಸಿಲಿಗೆ ಹಿಡಿದರೆ ಚಿನ್ನದ ಬಣ್ಣ. ಜಾಲಿ ಸೊಪ್ಪು ಹಾಕಿ ಸಾಕುವುದು, ಕುತ್ತಿಗೆಗೆ ದಾರ ಕಟ್ಟಿ ಹಾರಿಸುವುದು, ಮೊಟ್ಟೆ ಇಟ್ಟಿತೇ ಎಂದು ದಿನಾ ತೆರೆದು ನೋಡುವುದು. ನೀವೂ ಸಾಕಿರುತ್ತೀರಿ. ಬಸ್ಸಿನಲ್ಲಿ ಕೂತ ನನಗೆ ಅದೆಲ್ಲ ನೆನಪಾಯಿತು, ಅದರ ಬೆನ್ನಿಗೇ ಹಳೆಯ ಹೊಟ್ಟೆಕಿಚ್ಚೂ ಎದ್ದಿತು. ಇಷ್ಟು ವಯಸ್ಸಾದ ಮೇಲೂ ಅದು ಆರಿಲ್ಲವಲ್ಲ ಎಂದು ನನಗೇ ನಗು ಬಂತು.

ನಮ್ಮ ಮನೆ ಇದ್ದದ್ದು ಚಿಕ್ಕಜಾಜೂರಿನಲ್ಲಿ, ರೈಲ್ವೆ ಸ್ಟೇಷನ್ನಿನ ಹಿಂದೆ. ಮಣ್ಣಿನ ಚಾವಣಿಯ ಮಾಳಿಗೆ ಮನೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಮಡಕೆಯ ನೀರಿನಂತೆ ತಂಪು. ಇಂಜಿನ್ನುಗಳು ಹಿಂದೆ ಮುಂದೆ ಓಡಾಡುವ ಸದ್ದು ಹಗಲೆಲ್ಲ ಗೋಡೆಯೊಳಗೆ ಗುಡುಗುತ್ತಿತ್ತು. ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳಕ್ಕೂ ಸಂಡಿಗೆಗೂ ಕಲ್ಲಿದ್ದಲಿನ ಪುಡಿ ಹಾರಿ ಬಂದು ಕೂರುತ್ತಿತ್ತು, ಅಜ್ಜಿ ರೈಲ್ವೆಯವರನ್ನು ಬೈಯುತ್ತ ಒಂದೊಂದೇ ಒರೆಸುತ್ತಿದ್ದಳು. ಅದೇ ರೈಲ್ವೆಯಲ್ಲಿ ನಮ್ಮಪ್ಪ ಕೆಲಸಕ್ಕಿದ್ದ ಎಂಬುದು ಬೈಯುವಾಗ ಅವಳಿಗೆ ನೆನಪಿರುತ್ತಿರಲಿಲ್ಲ. ಅಪ್ಪನ ತಮ್ಮ, ನನ್ನ ಚಿಕ್ಕಪ್ಪ, ಸ್ಟೇಷನ್ ಎದುರಿನ ಸಣ್ಣ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಿದ್ದ. ಅದು ಅವನ ಕಸುಬು. ಅವನ ಹುಚ್ಚು ಬೇರೆ ಇತ್ತು. ಶನಿವಾರ ಭಾನುವಾರ ಬಂತೆಂದರೆ, ಗಿರಾಕಿಗಳ ಬಟ್ಟೆಯ ತುಂಡುಗಳನ್ನೇ ಸೇರಿಸಿ ಹೊಲಿದ ಬಣ್ಣಬಣ್ಣದ ಕೋಟು ತೊಟ್ಟು, ಊರೂರಿನ ಶಾಲೆ ಬಯಲಿನಲ್ಲಿ ಜಾದೂ ಮಾಡಲು ಹೊರಡುತ್ತಿದ್ದ. ಆ ಕೋಟಿನ ತೋಳಿನೊಳಗೆ ಎಷ್ಟು ಚೀಲಗಳಿದ್ದವು ಎಂದು ಅದನ್ನು ಹೊಲಿದ ಅವನಿಗೇ ಒಮ್ಮೊಮ್ಮೆ ಮರೆತುಹೋಗುತ್ತಿತ್ತು.

ಇಸ್ಪೀಟು, ಕರವಸ್ತ್ರ ಎಲ್ಲ ಎಲ್ಲರೂ ಮಾಡುತ್ತಾರೆ. ಚಿಕ್ಕಪ್ಪನ ಹೆಸರು ನಿಂತದ್ದು ಜೀರ್ಜಿಂಬೆಯಿಂದ. ಮೊದಲು ಬೆಂಕಿಪೊಟ್ಟಣ ತೆರೆದು ಒಂದು ಸತ್ತ ಹುಳ ತೋರಿಸುತ್ತಿದ್ದ. ಅದು ಹುಳವೇ ಅಲ್ಲ. ಸೀಳಿದ ಹುಣಸೆ ಬೀಜದ ಮೇಲೆ, ನಿಜವಾಗಿ ಸತ್ತ ಜೀರ್ಜಿಂಬೆಗಳ ರೆಕ್ಕೆಯ ಚಿಪ್ಪನ್ನು ಜಾಲಿ ಅಂಟಿನಿಂದ ಕೂರಿಸಿ, ಪೊರಕೆಯ ಎಳೆಯಿಂದ ಕಾಲು ಮಾಡಿದ್ದ. ದೂರದಿಂದ ನೋಡಿದರೆ ಇನ್ನೊಂದು ಜೀರ್ಜಿಂಬೆಯೇ ಮೋಸ ಹೋಗಬೇಕು, ಹಾಗಿತ್ತು. ಪೊಟ್ಟಣ ಮುಚ್ಚಿ ಊದಿ ತೆರೆದರೆ ಖಾಲಿ. ಆಮೇಲೆ ಮುಂದೆ ಕೂತ ಮಕ್ಕಳಲ್ಲಿ ಒಬ್ಬರನ್ನು ಕರೆದು, ಬಗ್ಗಿ ಅವರ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಅದೇ ಕಿವಿಯ ಹಿಂದಿನಿಂದ ಜೀವಂತ ಹುಳ ಹೊರಗೆ ತೆಗೆಯುತ್ತಿದ್ದ. ಅದು ತೋಳಿನ ಚೀಲದಿಂದ ಬರುವುದು ಎಂದು ನನಗೆ ಗೊತ್ತಿತ್ತು. ಗೊತ್ತಿರದೆ ಏನು? ರೈಲು ಹಳಿಯ ಪಕ್ಕದ ಜಾಲಿ ಗಿಡಗಳಲ್ಲಿ ಮುಳ್ಳು ಚುಚ್ಚಿಸಿಕೊಂಡು ಹುಳ ಹಿಡಿಯುತ್ತಿದ್ದವಳು ನಾನು. ಸೊಪ್ಪು ಹಾಕಿ, ಪೊಟ್ಟಣ ಬದಲಿಸಿ, ಸತ್ತವುಗಳ ಚಿಪ್ಪು ಬಿಡಿಸಿ ಅಜ್ಜಿಯ ನಶ್ಯದ ಡಬ್ಬಿಯಲ್ಲಿ ಕೂಡಿಡುತ್ತಿದ್ದವಳೂ ನಾನೇ. ಆದರೆ ಕಿವಿಯಲ್ಲಿ ಅವನು ಏನು ಹೇಳುತ್ತಿದ್ದ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಕೇಳಿದರೆ, "ಅದು ಕರೆಸ್ಕಂಡೋರಿಗೆ ಮಾತ್ರ ಕಣೇ" ಎನ್ನುತ್ತಿದ್ದ.

ಅವನು ನನ್ನನ್ನು ಎಂದೂ ಕರೆಯುತ್ತಿರಲಿಲ್ಲ. ಅದಕ್ಕೊಂದು ಕಾನೂನಿತ್ತು. ತನ್ನ ಮನೆಯ ಹುಡುಗಿಯನ್ನೇ ಮುಂದಕ್ಕೆ ಕರೆದರೆ, ಹೇಳಿಕೊಟ್ಟು ಕರೆತಂದಿದ್ದಾನೆ ಎಂದು ಜನ ಆಡಿಕೊಳ್ಳುತ್ತಾರೆ, ಆಟ ಅಲ್ಲಿಗೆ ಮುಗಿಯಿತು. ಹಾಗಂತ ನನ್ನನ್ನು ಮನೆಯಲ್ಲಿ ಬಿಟ್ಟು ಹೋಗುವಂತೆಯೂ ಇರಲಿಲ್ಲ. ಮದುವೆಯಾಗದ ಮಗ ಹೋದ ಊರಿನಲ್ಲೇ ಗೆಳೆಯರ ಜೊತೆ ಉಳಿದುಬಿಡುತ್ತಾನೆ ಎಂದು ಅಜ್ಜಿಗೆ ಭಯ. "ಈಕೀನ ಕರ್ಕಂಡು ಹೋಗು. ಹೆಣ್ಣುಮಗು ಜೊತೆಗಿದ್ರೆ ಹೊತ್ತು ಮುಳುಗಾ ಹೊತ್ತಿಗೆ ಮನಿ ನೆನಪಾಗ್ತದೆ" ಎಂದು ನನ್ನನ್ನು ಕಾವಲಿಗೆ ಕಳಿಸುತ್ತಿದ್ದಳು. ಹೀಗಾಗಿ ಊರು ಬಂತೆಂದರೆ ಅವನು ಯಾರೋ, ನಾನು ಯಾರೋ. ಬಸ್ಸಿನಿಂದ ಬೇರೆ ಬೇರೆ ಇಳಿಯಬೇಕು. ನಾನು ಹೆಂಗಸರ ನಡುವೆ ಎಲ್ಲೋ ಕೂರಬೇಕು. "ಚಿಕ್ಕಪ್ಪ" ಎಂಬ ಮಾತು ಬಾಯಿಂದ ಜಾರಬಾರದು.

ಅಲ್ಲಿ ಕೂತು ನಾನು ನೋಡಿದ್ದೇನು ಗೊತ್ತೇ? ಹೊಸದುರ್ಗದಲ್ಲಿ ಬಳೆ ಮಾರುವವರ ಮಗಳೊಬ್ಬಳ ಗಲ್ಲ ಹಿಡಿದು ಅವನು ಪಿಸುಗುಟ್ಟಿದ. ಭರಮಸಾಗರದಲ್ಲಿ ಮೂಗು ಸುರಿಸುವ ಒಬ್ಬ ಹುಡುಗನಿಗೆ ತನ್ನ ಕರವಸ್ತ್ರದಿಂದಲೇ ಮೂಗು ಒರೆಸಿ ಆಮೇಲೆ ಪಿಸುಗುಟ್ಟಿದ. ಅವರೆಲ್ಲರ ಮುಖವೂ ಆ ಗಳಿಗೆಯಲ್ಲಿ ಮೆತ್ತಗಾಗುತ್ತಿತ್ತು. ಭಯ ಹೋಗಿ ಏನೋ ಒಂದು ಸಮಾಧಾನ ಬರುತ್ತಿತ್ತು. ಮೇಲಾಗಿ ಆ ಹುಳ ಅವರಿಗೇ ಸೇರುತ್ತಿತ್ತು. ನಾನು ಹಿಡಿದ, ನಾನು ಸಾಕಿದ, ಬಣ್ಣ ನೋಡಿ ಆರಿಸಿಟ್ಟ ಹುಳವನ್ನು ಯಾವುದೋ ಊರಿನ ಯಾವುದೋ ಪೀಡೆ ಅಂಗೈಯಲ್ಲಿಟ್ಟುಕೊಂಡು ಕುಣಿಯುತ್ತ ಮನೆಗೆ ಹೋಗುತ್ತಿತ್ತು. ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ? ಆ ಮಕ್ಕಳಿಗೆಲ್ಲ ರಾತ್ರಿ ಹೊಟ್ಟೆನೋವು ಬರಲಿ ಎಂದು ನಾನು ದೇವರಿಗೆ ಹೇಳಿಕೊಂಡದ್ದುಂಟು. ಮನೆಯಲ್ಲಿ ಚಿಕ್ಕಪ್ಪನಿಗೆ ನಾನು "ಲೇ ಸೊಟ್ಟಮೂತಿ". ಅವರಿಗೆ ಮಾತ್ರ ಪಿಸುಮಾತು. ಅದೊಂದು ಸಲ, ಒಂದೇ ಸಲ, ನನ್ನ ಕಿವಿಗೂ ಬೀಳಬೇಕು ಎಂಬುದರ ಹೊರತು ಆ ವಯಸ್ಸಿನಲ್ಲಿ ನನಗೆ ಬೇರೆ ಏನೂ ಬೇಕಿರಲಿಲ್ಲ.

ಅದು ಬಿದ್ದದ್ದು ಐಮಂಗಲದಲ್ಲಿ. ಮಳೆಗಾಲ ಮುಗಿಯುತ್ತ ಬಂದು, ಜಾಲಿ ಗಿಡದಲ್ಲಿ ಹುಳ ಅಪರೂಪವಾಗಿದ್ದ ಸಮಯ. ಹೆದ್ದಾರಿಯ ಪಕ್ಕದ ಬಯಲಿನಲ್ಲಿ ಜನ ಚೆನ್ನಾಗಿಯೇ ಸೇರಿದ್ದರು. ಕರವಸ್ತ್ರದ ಆಟ ಆಯಿತು, ಸತ್ತ ಹುಳ ಮಾಯವಾಯಿತು. ಚಿಕ್ಕಪ್ಪ ಎಂದಿನಂತೆ, "ಯಾರಾರ ಒಬ್ರು ಬರ್ರಪ್ಪ, ಕಿವಿಯಾಗಿಂದ ಹುಳ ತೆಗೀತೀನಿ" ಎಂದ. ಒಂದು ಮಗುವೂ ಏಳಲಿಲ್ಲ. ಏಳಲು ಹೊರಟವರ ಅಂಗಿಯನ್ನು ತಾಯಂದಿರು ಹಿಂದಿನಿಂದ ಹಿಡಿದು ಕೂರಿಸಿದರು. ಹಿಂದಿನ ವಾರವಷ್ಟೇ ಆ ಊರಿನ ಒಬ್ಬ ಹುಡುಗ ಮಲಗಿದ್ದಾಗ ಅವನ ಕಿವಿಗೆ ಹುಳ ಹೊಕ್ಕು, ಹಿರಿಯೂರು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ್ದರಂತೆ. ಚಿಕ್ಕಪ್ಪನಿಗೆ ಇದು ತಿಳಿದಿರಲಿಲ್ಲ.

ಕಂಬಳಿ ಹೊದ್ದ ಒಬ್ಬ ಮುದುಕಿ ಎದ್ದು ನಿಂತು, "ಕಿವಿಯಾಗ ಹುಳ ಬಿಡೋ ಆಟ ಬ್ಯಾಡ ಕಣಪ್ಪ, ಬ್ಯಾರೆ ಏನಾರ ಮಾಡು" ಎಂದಳು.

"ಬಿಡಲ್ಲವ್ವ, ತೆಗೀತೀನಿ."

"ಒಳಗೆ ಹೋಗದಲೆ ಹೊರಗೆ ಹೆಂಗಪ್ಪ ಬರ್ತದೆ?"

ಜನ ಗೊಳ್ಳೆಂದು ನಕ್ಕರು. ಚಿಕ್ಕಪ್ಪ ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಜಾದೂವನ್ನೇ ಬಿಚ್ಚಿಟ್ಟಂತೆ. ಕೊಡದಿದ್ದರೆ ಮಕ್ಕಳ ಕಿವಿಗೆ ಹುಳ ಬಿಡುವವನು ಎಂದಾಗುತ್ತದೆ. ಹಿಂದೆ ಕೂತವರು ಪಂಚೆ ಕೊಡವಿಕೊಂಡು ಏಳತೊಡಗಿದರು. ಈ ಮಾತು ಮುಂದಿನ ಊರುಗಳಿಗೆ ಹಬ್ಬಿದರೆ ಅವನನ್ನು ಯಾರೂ ಬಯಲಿಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದು ನನಗೂ ಹೊಳೆಯಿತು. ಅವನು ಕೋಟಿನ ತೋಳು ಎಳೆದುಕೊಳ್ಳುತ್ತಿದ್ದ. ನಾನು ಎದ್ದೆ. ಅವನನ್ನು ಉಳಿಸಲು ಎದ್ದೆನೋ, ಪಿಸುಮಾತಿನ ಆಸೆಗೆ ಎದ್ದೆನೋ, ಎರಡನ್ನೂ ಬೇರೆ ಮಾಡಲು ನನಗೆ ಇವತ್ತಿಗೂ ಬರುವುದಿಲ್ಲ.

ನನ್ನನ್ನು ಕಂಡು ಅವನ ಮುಖದ ರಕ್ತ ಇಳಿದದ್ದು ನನಗೆ ಮಾತ್ರ ಕಾಣಿಸಿತು. ಮರುಗಳಿಗೆ ಅವನು ಜಾದೂಗಾರನಾಗಿದ್ದ.

"ಬಾರಮ್ಮ. ಯಾವೂರು ನಿಂದು?"

"ಹಿರಿಯೂರು. ಬಸ್ಸು ಕಾಯ್ತಾ ಇದ್ವಿ."

"ಹೆಸರೇನು?"

"ಕಮಲ" ಎಂದೆ. ಅದು ನಮ್ಮೂರಿನ ಸ್ಟೇಷನ್ ಮಾಸ್ತರರ ಮಗಳ ಹೆಸರು. ಎರಡು ಜಡೆ, ಬಿಳಿ ಕಾಲುಚೀಲ, ಟೀಚರಿಗೆ ಅಚ್ಚುಮೆಚ್ಚು. ಅವಳನ್ನು ಕಂಡರೂ ನನಗೆ ಆಗುತ್ತಿರಲಿಲ್ಲ, ಬಾಯಿಗೆ ಬಂದದ್ದು ಮಾತ್ರ ಅವಳ ಹೆಸರೇ.

ಚಿಕ್ಕಪ್ಪ ಬಗ್ಗಿದ. ಸೀಮೆಸುಣ್ಣದ, ಮಷೀನಿನ ಎಣ್ಣೆಯ ವಾಸನೆ ಹತ್ತಿರ ಬಂತು. ಕಿವಿಗೆ ಅವನ ಉಸಿರು ತಾಗಿತು. "ಹೆದರಬ್ಯಾಡ ನನ್ನವ್ವ, ನಾನಿದೀನಿ" ಎಂದ. ಅಷ್ಟೇ. ಎಲ್ಲ ಊರಿನ ಎಲ್ಲ ಮಕ್ಕಳಿಗೂ ಅವನು ಹೇಳುತ್ತಿದ್ದದ್ದು ಅಷ್ಟೇ ಇರಬೇಕು. ನನಗೆ ಕಣ್ಣು ತುಂಬಿ ಬಂತು. ಕಿವಿಯ ಹಿಂದೆ ಪುಟ್ಟ ಕಾಲುಗಳು ಹರಿದಾಡಿದವು, ಜನ ಚಪ್ಪಾಳೆ ತಟ್ಟಿದರು, ಆ ಮುದುಕಿ ಹತ್ತಿರ ಬಂದು ನನ್ನ ಕಿವಿ ಹಿಡಿದು ಒಳಗೆಲ್ಲ ನೋಡಿ "ಏನೂ ಇಲ್ಲ ಬಿಡ್ರಿ" ಎಂದು ಊರಿಗೇ ಕೇಳುವಂತೆ ತೀರ್ಪು ಕೊಟ್ಟಳು. ಚಿಕ್ಕಪ್ಪ ಹುಳವನ್ನು ನನ್ನ ಅಂಗೈಯಲ್ಲಿಟ್ಟು, "ಇದು ನಿಂದು ಕಮಲ, ಸೊಪ್ಪು ಹಾಕಿ ಚೆಂದಾಗಿ ಸಾಕು" ಎಂದ. ಆಮೇಲೆ ಮಕ್ಕಳೆಲ್ಲ ನಾನು ತಾನು ಎಂದು ಮುಂದೆ ನುಗ್ಗಿದರು.

ವಾಪಸು ಬರುವಾಗ ಬಸ್ಸು ಊರು ದಾಟುವವರೆಗೆ ಬೇರೆ ಬೇರೆ ಕೂತಿದ್ದು, ಆಮೇಲೆ ನಾನು ಅವನ ಪಕ್ಕಕ್ಕೆ ಹೋದೆ. ಏನಾದರೂ ಹೇಳುತ್ತಾನೆ ಎಂದು ಕಾದೆ. ಬೈದರೂ ಸೈ, ಹೊಗಳಿದರೂ ಸೈ. ಅವನು ಕಿಟಕಿಯಾಚೆ ನೋಡುತ್ತ ತನ್ನಷ್ಟಕ್ಕೇ ನಗುತ್ತಿದ್ದ. "ಆ ಹುಡುಗಿ ಬಲೇ ಗಟ್ಟಿ ಕಣೇ ಗಿರಿಜಿ. ನೋಡಿದ್ಯಾ?" ಎಂದ.

"ನೋಡ್ದೆ."

"ಆ ಹುಳ ಕೊಡಿಲ್ಲಿ. ಹೊಸದುರ್ಗದ ಆಟಕ್ಕೆ ಬೇಕು."

"ಅದು ನಂದು."

"ನಿಂದೆಂಗಾಗ್ತದೆ? ಕಮಲಂಗೆ ಕೊಟ್ಟಿದ್ದು."

ತಮಾಷೆಗೇ ಅಂದದ್ದು, ಗೊತ್ತು. ಆದರೂ ಅವನು ಹುಳ ಇಸಿದುಕೊಂಡು ತೋಳಿನ ಚೀಲಕ್ಕೆ ಹಾಕಿಕೊಂಡದ್ದು ತಮಾಷೆಯಲ್ಲ. ಪಿಸುಮಾತು ಸಿಕ್ಕಿದ್ದು ಕಮಲಿಗೆ, ಚಪ್ಪಾಳೆ ಕಮಲಿಗೆ, ಹುಳವೂ ಕಮಲಿಯದು. ನನಗೆ ಉಳಿದದ್ದು ಕಿವಿಯ ಹಿಂದಿನ ತುರಿಕೆ.

ಮನೆಯಲ್ಲಿ ಕಥೆ ಇನ್ನೂ ಬೆಳೆಯಿತು. ಆಟದ ಗುಟ್ಟು ಬಾಯಿಂದ ಬಾಯಿಗೆ ಹೋಗಬಾರದೆಂದು ಚಿಕ್ಕಪ್ಪ ಅಜ್ಜಿಗೂ ನಿಜ ಹೇಳಲಿಲ್ಲ. ಯಾರೋ ಹಿರಿಯೂರಿನ ಹುಡುಗಿ ಬಂದು ಮಾನ ಉಳಿಸಿತು ಎಂದ. ನಾನೂ ಬಾಯಿ ಬಿಡುವಂತಿರಲಿಲ್ಲ. ಅಜ್ಜಿ ರೊಟ್ಟಿ ತಟ್ಟುತ್ತ, "ಯಾವ ತಾಯಿ ಹಡೆದಾಳೋ, ಪುಣ್ಯವಂತೆ. ನಮ್ಮನ್ಯಾಗೂ ಐತೆ ಒಂದು, ಜಿರಳೆ ಕಂಡ್ರೆ ಪಡಸಾಲಿಗೆ ಓಡ್ತದೆ" ಎಂದಳು. ಜಿರಳೆಯೇ ಬೇರೆ, ಜೀರ್ಜಿಂಬೆಯೇ ಬೇರೆ ಎಂದು ಅವಳಿಗೆ ಯಾರು ಹೇಳಬೇಕು? ಅಂದಿನಿಂದ ಕಮಲಿ ನಮ್ಮ ಮನೆಯಲ್ಲೇ ಠಿಕಾಣಿ ಹೂಡಿದಳು. ನಾನು ಜ್ವರದ ಕಷಾಯಕ್ಕೆ ಮುಖ ಕಿವುಚಿದರೆ, ಹಿರಿಯೂರಿನ ಕಮಲಿ ಆಗಿದ್ದರೆ ಗಟಗಟ ಕುಡಿಯುತ್ತಿದ್ದಳು. ಲೆಕ್ಕದಲ್ಲಿ ಫೇಲಾದರೆ, ಕಮಲಿ ಪಾಸಾಗುತ್ತಿದ್ದಳು. ಅವಳಿಗೆ ಮುಳ್ಳು ಚುಚ್ಚುತ್ತಿರಲಿಲ್ಲ, ಅವಳ ಮೂತಿ ಸೊಟ್ಟಗಾಗುತ್ತಿರಲಿಲ್ಲ. ಇಷ್ಟಾಗಿಯೂ ಚಿಕ್ಕಪ್ಪ ನನ್ನನ್ನು ಮತ್ತೆ ಮುಂದಕ್ಕೆ ಕರೆಯಲಿಲ್ಲ. ಇಲ್ಲದ ಹುಡುಗಿಯ ಮೇಲೆ ಜಗಳ ತೆಗೆಯುವುದಾದರೂ ಹೇಗೆ?

ಚಿಕ್ಕಪ್ಪನಿಗೆ ಮದುವೆಯಾಗಿ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ಅವನಿಗೆ ಅಕ್ಕತಂಗಿಯರಿಲ್ಲದ್ದರಿಂದ ತಾನೇ ಬಗ್ಗಿ ಹೇಳಿದ, ಕಮಲ ಎಂದು. ಅಜ್ಜಿ ಮನೆದೇವರ ಹೆಸರು ಬರಲಿ ಎಂದು ಕಾದಿದ್ದವಳು, "ಇದ್ಯಾಕೋ ಈ ಹೆಸರು?" ಎಂದಳು. "ಹಿರಿಯೂರಿನ ಹುಡುಗಿದವ್ವ" ಎಂದು ಅವನು ಹೆಂಗಸರ ನಡುವೆ ಕೂತಿದ್ದ ನನ್ನ ಕಡೆ ನೋಡಿ ನಕ್ಕ. ಅದು ನನಗೇ ಕೊಟ್ಟದ್ದು ಎಂದು ಈಗ ತಿಳಿಯುತ್ತದೆ. ಅವತ್ತು ನಾನು ಸಕ್ಕರೆ ಕೂಡ ಬಾಯಿಗೆ ಹಾಕಿಕೊಳ್ಳದೆ ಹಿತ್ತಲಿಗೆ ಹೋಗಿ ಕೂತೆ.

ಆಮೇಲೆ ಎಲ್ಲ ಬೇಗ ಬೇಗ ಕರಗಿತು. ಅಜ್ಜಿ ಹೋದಳು. ಅಪ್ಪನಿಗೆ ವರ್ಗವಾಯಿತು. ಮಣ್ಣು ಹಾಕಿಸುವವರಿಲ್ಲದೆ ಮಾಳಿಗೆ ಸೋರಿ, ಒಂದು ಮಳೆಗಾಲದಲ್ಲಿ ಪಡಸಾಲೆ ಕುಸಿಯಿತು. ಚಿಕ್ಕಪ್ಪ ಹೊಳಲ್ಕೆರೆಗೆ ಹೋಗಿ ಅಲ್ಲಿ ಅಂಗಡಿ ಇಟ್ಟ. ಕೈನಡುಕ ಬಂದ ಮೇಲೆ ಜಾದೂ ನಿಂತಿತು. ನಾನು ಮದುವೆಯಾಗಿ ಹೋದ ಊರಿನಲ್ಲಿ ಜಾಲಿ ಗಿಡವೇ ಇರಲಿಲ್ಲ.

ಕೊನೆಯ ಸಲ ಅವನನ್ನು ನೋಡಿದ್ದು ಹೊಳಲ್ಕೆರೆಯಲ್ಲಿ, ಮಗಳು ಕಮಲಳ ಮನೆಯಲ್ಲಿ. ಅವನಿಗೆ ಇತ್ತೀಚಿನದೆಲ್ಲ ಮರೆತುಹೋಗಿ, ಹಳೆಯ ನೆನಪಿನಲ್ಲೂ ಅಲ್ಲಲ್ಲಿ ತೂತು ಬಿದ್ದಿತ್ತು. ನನ್ನ ಗುರುತು ಚೆನ್ನಾಗಿಯೇ ಹಿಡಿದ. ಕಮಲ ಮಂಡಕ್ಕಿ, ಚಹ ತಂದಿಟ್ಟಳು. ಅವನು ಐಮಂಗಲದ ಕಥೆ ತೆಗೆದ. ಯಾರೂ ಬರಲಿಲ್ಲ, ಮುದುಕಿ ಹಾಗೆಂದಳು, ಜನ ಎದ್ದರು. "ಆ ಹುಡುಗಿ ಒಂದು ಬಂತು ನೋಡು. ಅವತ್ತು ಆಕಿ ಬರದಿದ್ರೆ ನಾನು ಕೋಟು ಅಲ್ಲೇ ಬಿಚ್ಚಿ ಒಗೆದು ಬಂದುಬಿಡ್ತಿದ್ದೆ. ಈಗೆಲ್ಲಿ ಅವಳೋ ಏನೋ. ಒಂದ್ಸಲ ನೋಡಬೇಕಿತ್ತು" ಎಂದ. ಅವನು ಆಟ ಕಟ್ಟುತ್ತಿರಲಿಲ್ಲ. ನಿಜವಾಗಿಯೂ ಮರೆತಿದ್ದ.

ಅಷ್ಟು ವರ್ಷ ಬಾಯಲ್ಲಿ ಹಿಡಿದಿದ್ದದ್ದು ಹೊರಗೆ ಬಂತು. "ಅದು ನಾನೇ ಚಿಕ್ಕಪ್ಪ" ಎಂದೆ.

ಅವನು ಅಲ್ಲವೆಂದು ತಲೆಯಾಡಿಸಿದ. "ನೀನೆಲ್ಲಿ ಬರ್ತೀಯೇ ಗಿರಿಜಿ? ನಿನ್ನ ನಾನು ಯಾವತ್ತಾರ ಕರ್ದೀನೇನು?"

"ಇಲ್ಲ" ಎಂದೆ. ಕರೆದಿರಲಿಲ್ಲ, ಅದು ಸುಳ್ಳಲ್ಲ.

ನಾನು ಮುನಿಸಿಕೊಂಡೆ ಎಂದುಕೊಂಡನೋ ಏನೋ, ನನ್ನ ಕೈ ಹಿಡಿದು ಸಮಾಧಾನ ಮಾಡಿದ. "ಬ್ಯಾಸರ ಮಾಡ್ಕಬ್ಯಾಡ. ಅವರೆಲ್ಲ ಊರ ಮಂದಿ ಮಕ್ಕಳು, ಕರೀಬೇಕು. ನೀನು ಮನಿ ಮಗಳು. ಮನಿ ಮಗಳನ್ನ ಯಾರಾರ ಕರೀತಾರೇನೇ? ಹೊತ್ತಾತು ನೋಡು, ನಡಿ ಮನಿಗೆ ಹೋಗಾಣ, ಅವ್ವ ಕಾಯ್ತಿರ್ತಾಳೆ."

ಹೂಂ, ಹೋಗಾಣ ಎಂದೆ. ಆ ಮನೆ ಬಿದ್ದು ಎಷ್ಟೋ ವರ್ಷವಾಗಿತ್ತು.