ಹಂಡೆ ಒಲೆಗೆ ಹೋದ ಕಣಜಗಳು

ಕೊರೋನಾ ತಣ್ಣಗಾದ ಮರುವರ್ಷದ ಮಾತು. ಅರಸೀಕೆರೆಯಲ್ಲಿ ತೆಂಗಿನ ಕಪ್ಪುತಲೆ ಹುಳುವಿನ ಶತ್ರು ಕೀಟವನ್ನು ಸಾಕಿ ಮಾರುವ ಸಣ್ಣ ಲ್ಯಾಬ್ ನನ್ನದು. ಅದಕ್ಕೂ ಮೊದಲು ಸಂತೆಯಲ್ಲಿ ಕಾಯಿ ವ್ಯಾಪಾರ ಮಾಡುತ್ತಿದ್ದೆ. ಓದಿ ಕಲಿತದ್ದಕ್ಕಿಂತ ಚೌಕಾಸಿಯಲ್ಲಿ ಕಲಿತದ್ದೇ ಹೆಚ್ಚು.

ಈ ಹುಳು ಗರಿಯ ಅಡಿಭಾಗದ ಹಸಿರನ್ನು ಕೆರೆದು ತಿನ್ನುತ್ತದೆ. ದೂರದಿಂದ ನೋಡಿದರೆ ತೋಟಕ್ಕೆ ಬೆಂಕಿ ಬಿದ್ದಂತೆ ಕಾಣುತ್ತದೆ. ನಾವು ಬಿಡುವುದು ಗೋನಿಯೋಜಸ್ ಎಂಬ, ಇರುವೆಯಷ್ಟೇ ಇರುವ ಕಪ್ಪು ಕಣಜ. ಅದು ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ.

ಜಾವಗಲ್ ಹತ್ತಿರದ ಗಂಗಣ್ಣನವರ ತೋಟ ಪೂರ್ತಿ ಕಂದಿಹೋಗಿತ್ತು. ಯುಗಾದಿಯೊಳಗೆ ಹಸಿರು ಕಾಣದಿದ್ದರೆ ಮರಗಳನ್ನೆಲ್ಲ ಇಟ್ಟಿಗೆ ಗೂಡಿಗೆ ಕೊಡುವುದೆಂದು ಅವರು ತೀರ್ಮಾನಿಸಿದ್ದರು. ಬಿಂದಿಗೆಯಲ್ಲಿ ನೀರು ಹೊತ್ತು ಆ ಸಸಿಗಳನ್ನು ಬೆಳೆಸಿದವರು ಅವರ ಹೆಂಡತಿ ಪುಟ್ಟಮ್ಮ.

"ಕಡಿಸೋದು ಬ್ಯಾಡ ಅಂತ ನೀವೇ ಹೇಳಿ ಕಣಣ್ಣ" ಎಂದರು ಆಕೆ.

ಕಣಜ ಬಿಟ್ಟೆ. ಇನ್ನು ಗರಿ ಮುಟ್ಟಬೇಡಿ ಎಂದು ಒತ್ತಿ ಒತ್ತಿ ಹೇಳಿ ಬಂದೆ.

ಮತ್ತೆ ಹೋದಾಗ ತೋಟ ಮದುವೆ ಮನೆ ಅಂಗಳದ ಹಾಗೆ ಚೊಕ್ಕಟ. ಕೈಗೆಟಕುವ ಎತ್ತರದಲ್ಲಿ ಹುಳು ಹಿಡಿದ ಗರಿ ಒಂದೂ ಇಲ್ಲ.

"ಗರಿ ಎಲ್ಲಿ ಗಂಗಣ್ಣ?"

"ಮಾಲೇಕಲ್ ತಿರುಪತಿಗೆ ಹೋಗಿಬಂದು ಮನೇಲಿ ಹರಿಸೇವೆ ಊಟ ಇಟ್ಕೊಂಡಿದ್ವಿ. ನೆಂಟ್ರು ಬತ್ತಾರೆ, ತೋಟ ಕೊಳಕಾಗಿ ಕಾಣ್ಬಾರ್ದು ಅಂತ ಕಡಿಸ್ದೆ. ಹಂಡೆ ಒಲೆಗಾಯ್ತು. ಬಂದೋರೆಲ್ಲ ಬಿಸಿನೀರು ಹುಯ್ಕೊಂಡ್ರು. ಹುಳಾನೂ ಸತ್ತೋಯ್ತಲ್ಲ, ಬಿಡಿ."

ತಲೆ ಚಚ್ಚಿಕೊಳ್ಳುವ ಹಾಗಾಯಿತು. ಕಣಜ ಬಿಡುವ ಮೊದಲು ಒಣಗಿದ ಗರಿ ಸುಡುವುದು ಸರಿ. ಬಿಟ್ಟ ಮೇಲೆ ಸುಟ್ಟರೆ ಬಾಣಂತಿ ಕೋಣೆಗೇ ಬೆಂಕಿ ಇಟ್ಟಂತೆ. ಮೇಲಿನ ಗರಿಗಳಲ್ಲಿ ಉಳಿದ ಹುಳು ಆಗಲೇ ಹಬ್ಬುತ್ತಿತ್ತು. ಅದನ್ನು ಹಿಡಿಯುವ ಕಣಜ ನೆಂಟರ ಸ್ನಾನಕ್ಕೆ ಉರಿದುಹೋಗಿತ್ತು.

"ಇನ್ನೊಂದು ಯುಗಾದಿವರೆಗೆ ಮರ ಕಡಿಸಬೇಡಿ. ಮತ್ತೆ ಬಿಡ್ತೀನಿ. ಆದರೆ ಹುಳ ಇರೋ ಗರಿ ಹಾಗೇ ಇರಬೇಕು."

"ಕಣಜಾನೂ ಸಾಕಿ ಹುಳಾನೂ ಸಾಕಬೇಕಾ? ಚೆನ್ನಾಗೈತೆ ನಿಮ್ ವ್ಯಾಪಾರ."

"ಸಂತೇಲಿ ಕಾಯಿ ಕೊಳ್ಳೋನಿಗೆ ಏನೂ ಗಿಟ್ಟದ ಹಾಗೆ ಮಾರಿದ್ರೆ ಮುಂದಿನ ವಾರ ಅವನು ಬತ್ತಾನಾ? ಕಣಜಾನೂ ಅಷ್ಟೇ. ಹುಳ ಪೂರ್ತಿ ಹೋದ್ರೆ ಅದಕ್ಕೆ ಇಲ್ಲೇನು ಕೆಲಸ?"

ಗಂಗಣ್ಣ ಗಡ್ಡ ಕೆರೆದುಕೊಂಡರು. ಅವರು ಬಾಯಿ ಬಿಡುವ ಮೊದಲೇ ಪುಟ್ಟಮ್ಮ ಕುಡುಗೋಲು ತೆಗೆದು ಅಟ್ಟದ ಮೇಲೆ ಹಾಕಿದರು.

ಮತ್ತೆ ಕಣಜ ಬಿಟ್ಟೆ. ಮುಂದಿನ ಯುಗಾದಿಗೆ ಸುಳಿಯ ಸುತ್ತಲಿನ ಹೊಸ ಗರಿಗಳು ಹಸಿರಾಗಿದ್ದವು. ಇಟ್ಟಿಗೆ ಗೂಡಿನವನು ಬಂದು ನೋಡಿ ವಾಪಸ್ಸು ಹೋದ. ಗಂಗಣ್ಣನವರಿಗೆ ಮಾತ್ರ ಸಮಾಧಾನವಿಲ್ಲ. "ಕೆಳಗೆ ಇನ್ನೂ ನಾಕು ಹುಳ ಅವೆ. ಏನಾದ್ರೂ ಔಷಧಿ ಹೊಡೆದ್ರೆ?"

"ಸುಮ್ಕಿರಿ ಅತ್ಲಾಗೆ" ಎಂದರು ಪುಟ್ಟಮ್ಮ. "ಇಷ್ಟು ವರ್ಸ ನಿಮ್ಮನ್ನ ಸೈಸ್ಕೊಂಡಿಲ್ವಾ? ಅವೂ ಇರ್ಲಿ."

ತೋಟ ಇಟ್ಟವರಿಗೆ ನಾನು ಹೇಳುವುದೂ ಅದೇ. ಹುಳುವಿನ ಪಾಲು ಒಂದಿಷ್ಟು ಬಿಟ್ಟು ವ್ಯವಹಾರ ಕುದುರಿಸಿ. ನಾನಂತೂ ಈಗ ಕಣಜ ತುಂಬಿದ ಟ್ಯೂಬು ಕೈಗಿಡುವ ಮೊದಲು ಮನೆಯಲ್ಲಿ ಹರಿಸೇವೆ ಯಾವಾಗ ಎಂದು ಕೇಳುತ್ತೇನೆ. ಮರಗಳ ಲೆಕ್ಕ ಆಮೇಲೆ.