ಟೋಕಿತಾನ ಬಲಗೈ

ಟೋಕಿತಾ ನಮ್ಮ ಮೇಲಿನ ಮನೆಯವನು. ಬಂದೀಖಾನೆಯ ಕಾವಲುಗಾರರಿಗೆಂದೇ ಕಟ್ಟಿದ ವಸತಿಯಲ್ಲಿ ನಾವು ಕೆಳಗೆ, ಅವನು ಮೇಲೆ. ನನ್ನ ಗಂಡ ಇವಾಬುಚಿ ಅವನಿಗಿಂತ ಹಿರಿಯ ಕಾವಲುಗಾರ; ಹಾಗಾಗಿ ಕಿರಿಯರೆಲ್ಲ ನನ್ನನ್ನು ‘ಒಕುಸಾನ್’ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಟೋಕಿತಾನಂಥ ಮೆದು ಮನುಷ್ಯ ಆ ಕೆಲಸಕ್ಕೆ ಯಾಕೆ ಬಂದನೋ ದೇವರೇ ಬಲ್ಲ. ಕಸದ ಚೀಲವನ್ನು ತಪ್ಪು ದಿನ ಹೊರಗಿಟ್ಟೆನೆಂದು ಮನೆಮನೆಗೂ ಹೋಗಿ ತಲೆಬಾಗಿ ಕ್ಷಮೆ ಕೇಳಿ ಬಂದ ಪ್ರಾಣಿ ಅವನು. "ಸಾಕು ಬಿಡಪ್ಪ, ಕಸ ತಾನೇ, ಹೆಣ ಅಲ್ವಲ್ಲ" ಎಂದು ನಾನೇ ಗದರಿ ಕಳಿಸಿದ್ದೆ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಅವನ ಹೆಂಡತಿ ಮಿಸಾವೊ ಬಸುರಾದಳು. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಐದನೆಯ ತಿಂಗಳಲ್ಲಿ, ಪಂಚಾಂಗದ ನಾಯಿಯ ದಿನ ನೋಡಿ, ಬಸುರಿಯ ಹೊಟ್ಟೆಗೆ ಬಿಳಿ ಬಟ್ಟೆ ಸುತ್ತುತ್ತೇವೆ; ನಾಯಿಯ ಹಾಗೆ ಸುಲಭವಾಗಿ ಹೆರಲಿ ಎಂದು. ಆ ಬಟ್ಟೆ ಸುತ್ತುವ ತನಕ ಹೊರಗಿನವರ ಮುಂದೆ ಬಾಯಿ ಬಿಡುವಂತಿಲ್ಲ. ಎರಡು ಸಲ ಸುಟ್ಟುಕೊಂಡ ಮಿಸಾವೊಳ ತಾಯಿ ಅಳಿಯನಿಂದ ಆಣೆಯನ್ನೇ ಮಾಡಿಸಿಕೊಂಡಿದ್ದಳು.

ಆಗಿನ್ನೂ ಮೂರನೆಯ ತಿಂಗಳು. ಒಂದು ಬೆಳಿಗ್ಗೆ ಮುಖ್ಯಸ್ಥ ಕಾವಲುಗಾರರನ್ನು ಸಾಲಾಗಿ ನಿಲ್ಲಿಸಿದ. ಗಲ್ಲಿನ ದಿನ ಅದು. ಗಲ್ಲಿಗೇರುವವನಿಗೂ ಆ ಬೆಳಿಗ್ಗೆಯೇ ತಿಳಿಯುವುದು, ಅವನ ಮನೆಯವರಿಗೆ ಎಲ್ಲ ಮುಗಿದ ಮೇಲೆ. "ಮನೇಲಿ ಬಸುರಿ ಹೆಂಡ್ತಿ ಇರೋರು, ಕಾಯಿಲೆಯೋರು ಇರೋರು, ಸೂತಕದಲ್ಲಿರೋರು ಈಚೆ ಬನ್ನಿ" ಎಂದ. ಅಂಥವರನ್ನು ಆ ಕೆಲಸದಿಂದ ಬಿಡುವುದು ಅಲ್ಲಿನ ವಾಡಿಕೆ. ಒಂದಿಬ್ಬರು ಈಚೆ ಬಂದರು. ಟೋಕಿತಾ ನಿಂತಲ್ಲೇ ನಿಂತ. ಅತ್ತೆಗೆ ಕೊಟ್ಟ ಮಾತು ಅವನ ನಾಲಗೆ ಕಟ್ಟಿತ್ತು.

ಮೂವರನ್ನು ಆರಿಸಿದರು: ನನ್ನ ಗಂಡ, ಟೋಕಿತಾ, ಹಾತಾನೋ ಎಂಬ ಇನ್ನೊಬ್ಬ. ಗೋಡೆಯ ಹಿಂದೆ ಮೂರು ಗುಂಡಿ. ಸನ್ನೆಯಾದಾಗ ಮೂವರೂ ಬಲಗೈಯಿಂದ ಒಟ್ಟಿಗೆ ಒತ್ತಬೇಕು. ಗಲ್ಲಿಗೇರುವವನ ಕಾಲಡಿಯ ನೆಲ ತೆರೆಯುವುದು ಒಂದೇ ಗುಂಡಿಗೆ, ಯಾವುದಕ್ಕೆಂದು ಒತ್ತುವವರಿಗೆ ತಿಳಿಯದು. ಸಾವನ್ನು ಹೀಗೆ ಹಂಚಿಬಿಟ್ಟರೆ ಯಾರಿಗೂ ಭಾರವಾಗದೆಂದು ಯಾವನೋ ಜಾಣ ಎಣಿಸಿರಬೇಕು. ಅವನ ಜಾಣತನಕ್ಕಿಷ್ಟು ಬೆಂಕಿ ಹಾಕ. ಒಬ್ಬೊಬ್ಬರ ತಲೆಯ ಮೇಲೂ ಇಡೀ ಸಾವೇ ಬಂದು ಕೂತಿತು.

ಸತ್ತವನ ಹೆಸರು ಕುರಿಸು. ಪಾಪ ಎನ್ನಲಾರೆ, ಮನೆಗೆ ನುಗ್ಗಿ ಮುದಿ ಗಂಡ ಹೆಂಡಿರನ್ನು ಇರಿದವನು. ಆದರೆ ವರ್ಷಗಟ್ಟಲೆ ಅವನ ಕೋಣೆಯ ಕಿಂಡಿಯಿಂದ ಅನ್ನ, ಸಾರು ತಳ್ಳಿದವನು ಟೋಕಿತಾ. ಅವತ್ತು ಗೋಡೆಯ ಆಚೆಯಿಂದ ಕುರಿಸುವಿನ ದನಿ ಕೇಳಿತಂತೆ: "ಟೋಕಿತಾ ಸಾನ್ ಕಾಣಿಸ್ತಿಲ್ಲ, ಇವತ್ತು ರಜಾನಾ? ಇಷ್ಟು ದಿನ ನೋಡ್ಕೊಂಡ್ರು, ಉಪಕಾರ ಆಯ್ತು ಅಂತ ಹೇಳ್ಬಿಡಿ." ಆಮೇಲೆ ಸನ್ನೆಯಾಯಿತು.

ಮಗು ಚೆನ್ನಾಗಿಯೇ ಹುಟ್ಟಿತು, ಗುಂಡುಗುಂಡಗೆ ಹೆಣ್ಣು, ಚಿನಾಮಿ. ಟೋಕಿತಾ ಮುಟ್ಟಲಿಲ್ಲ. ಸಂಜೆ ಎಳೆಗೂಸಿಗೆ ನೀರೆರೆಯುವುದು ನಮ್ಮಲ್ಲಿ ಅಪ್ಪಂದಿರ ಖುಷಿ. ಇವನು ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಲ್ಲುತ್ತಿದ್ದ, ಅದೂ ಎಡಗೈಯಲ್ಲಿ. ಮಗು ನಡೆಯಲು ಕಲಿತು ಅವನತ್ತ ಓಡಿ ಬಂದರೆ ಬಲಗೈ ಜೇಬಿಗೆ ಹೋಗುತ್ತಿತ್ತು. ಕೆಲಸದ ಮಾತು ಮನೆಯಲ್ಲಿ ಆಡುವಂತಿಲ್ಲ. ನನ್ನವರು ಗುಟ್ಟಾಗಿ ನನಗೆ ಹೇಳಿದ್ದರು; ಟೋಕಿತಾ ಹೇಳುವವನಲ್ಲ, ಹಾಗಾಗಿ ಮಿಸಾವೊಗೆ ಕಾರಣ ಗೊತ್ತಿಲ್ಲ. ಒಂದು ದಿನ ನಮ್ಮ ಅಡುಗೆಮನೆಯಲ್ಲಿ ಕೂತು ಅತ್ತಳು.

"ಮಗು ತನ್ನದಲ್ಲ ಅಂತ ಅನುಮಾನನಾ ಇವ್ರಿಗೆ? ಹೇಳಿ ಒಕುಸಾನ್. ಈ ಚಳಿಗಾಲ ಕಳೆಯೋದ್ರೊಳಗೆ ಸರಿಹೋಗ್ದಿದ್ರೆ ಇವಳನ್ನ ಕರ್ಕೊಂಡು ಅಮ್ಮನ ಮನೆಗೆ ಹೊರಟ್ಹೋಗ್ತೀನಿ."

ಅದನ್ನು ನನ್ನ ಗಂಡನಿಗೆ ಹೇಳಿದೆ. ಪಿತ್ತಜನಕಾಂಗದ ಕ್ಯಾನ್ಸರ್ ಆಗಿ ಆಸ್ಪತ್ರೆ ಸೇರಿದ್ದರು, ಉಳಿಯುವ ಹಾಗಿರಲಿಲ್ಲ. "ಅವನನ್ನ ಕಳಿಸು" ಎಂದರು. ಟೋಕಿತಾ ಬಂದ. ನಾನು ಪಕ್ಕದಲ್ಲೇ ಪೇರ್ ಹಣ್ಣಿನ ಸಿಪ್ಪೆ ತೆಗೆಯುತ್ತಿದ್ದೆ.

"ಲೋ, ಅವತ್ತು ನೆಲ ತೆರೆದದ್ದು ನನ್ನ ಗುಂಡಿ ಕಣೋ. ಒತ್ತಿದ ತಕ್ಷಣ ಬೆರಳಿಗೆ ಗೊತ್ತಾಯ್ತು."

"ಖಂಡಿತವಾಗ್ಲೂನಾ?"

"ಸಾಯೋನು ಸುಳ್ಳು ಹೇಳ್ತಾನೇನೋ? ಹೋಗು, ಮಗೂನ ಎತ್ಕೋ."

ಅವನು ಮಂಚದ ಸರಳು ಹಿಡಿದು ಬಿಕ್ಕಿಬಿಕ್ಕಿ ಅತ್ತು ಹೋದ. ಅವನ ಬೆನ್ನು ಮರೆಯಾದ ಮೇಲೆ ನಾನು ಗಂಡನ ಮುಖ ನೋಡಿದೆ. "ನನಗೇನು ಗೊತ್ತು ಮಣ್ಣು" ಎಂದರು. "ಮೂರು ಗುಂಡೀನೂ ಒಂದೇ ಥರ ಇರ್ತವೆ."

ನಾನು ಮನೆಗೆ ಬರುವ ಹೊತ್ತಿಗೆ ಮೇಲಿನಿಂದ ಬಚ್ಚಲ ನೀರಿನ ಸದ್ದು ಕೇಳುತ್ತಿತ್ತು, ಚಿನಾಮಿಯ ಕೇಕೆ, ಜೊತೆಗೆ ಟೋಕಿತಾನ ನಗು. ಅವನು ನಗುವುದನ್ನು ಕೇಳಿ ಎಷ್ಟೋ ಕಾಲವಾಗಿತ್ತು. ಅಕ್ಕಿ ತೊಳೆಯುತ್ತಾ ನಾನೂ ಅತ್ತೆ.

ಗಂಡ ಹೋದರು. ನಲವತ್ತೊಂಬತ್ತನೆಯ ದಿನದ ಪೂಜೆಗೆ ಹಾತಾನೋ ಬೇರೆ ಊರಿಂದ ಬಂದಿದ್ದ. ಪೂಜೆ ಮುಗಿದು, ನನ್ನವರ ಹೆಸರಿನ ಫಲಕದ ಮುಂದೆ ಊದುಬತ್ತಿ ಉರಿಯುತ್ತಿತ್ತು. ಮಿಸಾವೊ ಅಡುಗೆಮನೆಯಲ್ಲಿದ್ದಳು, ಟೋಕಿತಾನ ತೊಡೆಯ ಮೇಲೆ ಮಗು ನಿದ್ದೆ ಹೋಗಿತ್ತು. ಎರಡು ಬಟ್ಟಲು ‘ಸಾಕೆ’ ಮದ್ಯ ಒಳಗೆ ಹೋದದ್ದೇ ಹಾತಾನೋ ಬಾಯಿ ಬಿಟ್ಟ.

"ಇವಾಬುಚಿ ಸಾನ್ ದೊಡ್ಡೋರು. ಆಸ್ಪತ್ರೆಯಿಂದ ನನಗೆ ಫೋನ್ ಮಾಡಿ ಅದು ತಮ್ಮದೇ ಗುಂಡಿ ಅಂದ್ರು. ನನ್ನ ಸಮಾಧಾನಕ್ಕೆ ಅಂದದ್ದು, ನನಗೆ ಗೊತ್ತಾಗಲ್ವಾ?"

 ಮಗುವಿನ ತಲೆ ನೇವರಿಸುತ್ತಿದ್ದ ಟೋಕಿತಾನ ಕೈ ನಿಂತಿತು. ಆಮೇಲೆ ಮೆಲ್ಲಗೆ, ಕಾದ ಬಾಣಲೆಯ ಮೇಲಿಂದ ತೆಗೆದ ಹಾಗೆ, ಕೈ ಎತ್ತಿಕೊಂಡ.

"ಒಕುಸಾನ್, ನಿಮ್ಮ ಹತ್ರ ಏನಂದಿದ್ರು?"

ಇಬ್ಬರೂ ನನ್ನನ್ನೇ ನೋಡಿದರು. ಎದುರಿಗೆ ಫಲಕ, ಅದರ ಪಕ್ಕ ಅವರ ಫೋಟೋ. ಆಸ್ಪತ್ರೆಯಲ್ಲಿ ನನಗೆ ಹೇಳಿದ್ದನ್ನು ಹೇಳಿಬಿಡಬಹುದಿತ್ತು. ಆಮೇಲೆ ಚಿನಾಮಿಗೆ ಅಪ್ಪ ಇರುತ್ತಿರಲಿಲ್ಲ.

"ನನ್ನ ಹತ್ರಾನೂ ಅದನ್ನೇ ಅಂದ್ರು" ಎಂದೆ. "ಕೈಮುಗಿದು ಅತ್ಕೊಂಡು ಹೇಳಿದ್ರು. ಅವನನ್ನ ಕೊಂದೋರು ನನ್ನ ಗಂಡ, ಕಣ್ರಪ್ಪ. ಇನ್ನು ಆ ಮಾತು ನನ್ನ ಮನೇಲಿ ಬೇಡ."

ಟೋಕಿತಾ ಹಣೆ ಚಾಪೆಗೆ ತಾಗುವಷ್ಟು ಬಾಗಿದ. ಅವನ ಕೈ ಮಗುವಿನ ತಲೆಗೆ ಮರಳಿತು.

ಎಲ್ಲರೂ ಹೋದ ಮೇಲೆ ಎಂದಿನಂತೆ ಅನ್ನ ತಂದು ಫಲಕದ ಮುಂದಿಟ್ಟೆ. ಆಗ ಫೋಟೋದಲ್ಲಿದ್ದ ಅವರ ಮುಖ ಕಣ್ಣಿಗೆ ಬಿತ್ತು. ನಾನು ಹೇಳಿದ್ದೇ ನಿಜವಾಗಿದ್ದರೆ? ನಿಜವಿರಲೂಬಹುದಲ್ಲ. ಮೂರರಲ್ಲಿ ಒಂದು ಅವರದೇ. ಅವರ ಪ್ರಾಣ ಹೋಗುವಾಗ ನಾನು ಹಿಡಿದು ಕೂತಿದ್ದದ್ದು ಅವರ ಬಲಗೈಯನ್ನೇ.